ಭಾವ ಕೂರಿಸಿದ ಗಾಜು

ನಮ್ಮ ಭಾವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಕಿಟಕಿ ಬಾಗಿಲುಗಳಿಗೆ ಗಾಜು ಕೂರಿಸುವುದು ಅವರ ಕಸುಬು. ತಾನು ಕೂರಿಸಿದ ಗಾಜು ಕಣ್ಣಿಗೇ ಕಾಣಬಾರದು ಎಂಬುದು ಅವರ ಜಂಬ. ಹೊಸ ಗಾಜಿಗೆ ಯಾರೂ ಡಿಕ್ಕಿ ಹೊಡೆಯದಿರಲೆಂದು ಸುಣ್ಣದಲ್ಲಿ ದೊಡ್ಡ ಗೀಟು ಎಳೆಯುವುದು ಆ ಕಸುಬಿನ ರೂಢಿ. ಕೆಲಸ ಮುಗಿದ ಮೇಲೆ ಭಾವ ಅದನ್ನು ಒರೆಸಿ, ಉಸಿರು ಊದಿ, ಮತ್ತೆ ಒರೆಸುತ್ತಿದ್ದರು.

ಅಕ್ಕನಿಗೆ ಹಿತ್ತಿಲಿನ ಹಕ್ಕಿಗಳೇ ಎಲ್ಲ. ನೆಲದ ಮೇಲೆ ನುಚ್ಚು ಚೆಲ್ಲಿ ಬೆಳವಗಳನ್ನು, ತೂಗುತಟ್ಟೆಯಲ್ಲಿ ನವಣೆ ಇಟ್ಟು ಪುಟ್ಟ ರಾಟವಾಳಗಳನ್ನು, ಕೊಂಬೆಗೆ ಕಳಿತ ಬಾಳೆಹಣ್ಣು ಸಿಕ್ಕಿಸಿ ಪಿಕಳಾರಗಳನ್ನು ಕರೆಸಿಕೊಂಡಿದ್ದಳು. ಯಾವ ಹಕ್ಕಿಗೆ ಏನು, ಎಷ್ಟು ಎತ್ತರದಲ್ಲಿ ಎಂದು ಕಂಡುಕೊಳ್ಳಲು ವರ್ಷಗಳೇ ಹಿಡಿದಿದ್ದವು. ಗಂಡನಿಗೆ ಚಹಾ ತಡವಾದರೂ ಹಕ್ಕಿಗಳಿಗೆ ನೀರು ತಡವಾಗುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಅವಳಿಗೆ ಉಳಿದದ್ದು ಹಿತ್ತಿಲ ಕಡೆಯ ಕಿರಿದಾದ ಕಿಟಕಿ ಒಂದೇ. ತಟ್ಟೆ ತುಂಬುವ ಕೆಲಸ ನನ್ನ ಪಾಲಿಗೆ ಬಂತು.

ಭಾವ ಸುಮ್ಮನಿದ್ದಿದ್ದರೆ ಸಾಕಿತ್ತು. ಆ ಕಿಟಕಿಯ ಗೋಡೆ ಒಡೆಸಿ ಆಳೆತ್ತರದ ಒಂದೇ ಗಾಜು ಕೂರಿಸಿದರು. ಅದೇ ಸಂಜೆ ಗೀಟನ್ನೂ ಒರೆಸಿಬಿಟ್ಟರು.

"ಈಗ ನೋಡು, ಹಿತ್ತಿಲೇ ನಿನ್ ಕೋಣೆಗೆ ಬಂದಂಗಿದೆ!"

ಅಕ್ಕನ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಗಾಜು ಧಡ್ ಎಂದಿತು. ಪಿಕಳಾರವೊಂದು ಅಕ್ಕನ ಕಣ್ಣೆದುರಿಗೇ ಬಡಿದು ಬಿದ್ದು ಕತ್ತು ಚೆಲ್ಲಿತು. ಆಮೇಲೆ ಒಂದು ರಾಟವಾಳ, ಅದರ ಹಿಂದೆಯೇ ಬೆಳವ. ಏಳಲಾಗದ ಅಕ್ಕ ಮಲಗಿದಲ್ಲಿಂದಲೇ ಕಿರುಚಿಕೊಂಡಳು.

"ಗಾಜಿಗೆ ಏನಾದ್ರೂ ಅಂಟಿಸಿ ಭಾವ," ಎಂದೆ.

"ನನ್ನ ಗಾಜಿಗೆ ಕಾಗದ ಅಂಟಿಸ್ಬೇಕಾ? ಅದಕ್ಕಿಂತ ಅಂಗಡಿಗೆ ಬೀಗ ಹಾಕ್ತೀನಿ. ಅವಕ್ಕೆ ಕಣ್ಣಿಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅಕ್ಕನೇ ಮೊದಲು ಸಿಡಿದಳು.

"ಮನುಷ್ಯರ ಮೂಗು ಜಜ್ಜಬಾರ್ದು ಅಂತ ಗೀಟು ಎಳೀತೀರಲ್ಲ, ಇವುಗಳ ಜೀವ ಏನು ಬಿಟ್ಟಿ ಬಿದ್ದಿದ್ಯಾ? ನಾನು ಕರೆದೆ ಅಂತ ಬಂದವು ರೀ ಅವು!" ನನ್ನತ್ತ ತಿರುಗಿದಳು. "ತಟ್ಟೆಗಳನ್ನೆಲ್ಲ ಕಿತ್ತು ಬಿಸಾಕು. ಇನ್ನು ಒಂದೂ ಬರೋದು ಬೇಡ."

ಭಾವ ಗೊಣಗುತ್ತಾ ಸತ್ತ ಬೆಳವವನ್ನು ಎತ್ತಲು ಹಿತ್ತಿಲಿಗೆ ಹೋದರು. ಎತ್ತಿಕೊಂಡು ತಿರುಗಿದವರು ಅಲ್ಲೇ ನಿಂತರು. ಒರೆಸುವಾಗ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ್ದ ಗಾಜನ್ನು ಅವರು ಹಕ್ಕಿಗಳು ಬರುವ ಕಡೆಯಿಂದ ನೋಡಿರಲೇ ಇಲ್ಲ. ಅದರಲ್ಲಿ ಮರವಿತ್ತು, ತಟ್ಟೆಯಿತ್ತು, ಆಕಾಶವಿತ್ತು. ಹೆಂಡತಿ ಮಾತ್ರ ಕಾಣುತ್ತಿರಲಿಲ್ಲ.

ಬೆಳವವನ್ನು ಕೆಳಗಿಟ್ಟು ಸುಣ್ಣದ ಡಬ್ಬ ತಂದರು. ಮೇಲಿನಿಂದ ಕೆಳಗಿನವರೆಗೆ, ಎರಡೆರಡು ಬೆರಳು ಜಾಗ ಬಿಟ್ಟು, ಗಾಜಿನ ತುಂಬ ಗೀಟು ಎಳೆದರು. ಗೀಟುಗಳು ಸೊಟ್ಟಗಾದರೂ ಒರೆಸಲಿಲ್ಲ. ನನಗೆ ಅಯ್ಯೋ ಅನ್ನಿಸಲಿಲ್ಲ. ಇಷ್ಟಕ್ಕೆ ಮೂರು ಹಕ್ಕಿ ಸಾಯಬೇಕಿತ್ತಾ?

ಒಳಗೆ ಬಂದು ಬಾಗಿಲಲ್ಲಿ ನಿಂತರು. ಅಕ್ಕ ಗಾಜನ್ನು ಮೂಲೆಯಿಂದ ಮೂಲೆಗೆ ನೋಡಿದಳು.

"ಎಡಗಡೆ ಮೂಲೆ ಬಿಟ್ಟಿದ್ದೀರಿ. ರಾಟವಾಳ ಬರೋದೇ ಅಲ್ಲಿಂದ."

ಭಾವ ಡಬ್ಬ ಎತ್ತಿಕೊಂಡು ಮತ್ತೆ ಹೊರಗೆ ನಡೆದರು.

"ನೀನೇನು ಗರ ಬಡಿದವಳ ಹಾಗೆ ನಿಂತಿದ್ದೀಯ?" ಎಂದು ಅಕ್ಕ ನನಗೆ ಗದರಿದಳು. "ತಟ್ಟೆ ಖಾಲಿಯಿದೆ, ಹೋಗು."