ಕುಲ್ಸುಮಬಿಯ ಐದನೆಯ ಕೌದಿ

ನನ್ನ ಹೆಸರು ಗದಿಗೆವ್ವ. ಮೂವತ್ತೊಂದು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು. ಹಾವೇರಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ನಾನು ಅಕ್ಕೋರು. ಬಾಯಿ ಬಹಳ ಬಿರುಸು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಗೊತ್ತು. ಇಷ್ಟು ದಿನ ಅದನ್ನೂ ಒಂದು ಬಿರುದು ಅಂದುಕೊಂಡೇ ತಿರುಗಿದೆ. ಈಗ ಬರೆಯುತ್ತಿರುವುದು ನನ್ನ ಕಥೆಯಲ್ಲ, ಬ್ಯಾಡಗಿಯ ಕುಲ್ಸುಮಬಿಯದು. ಅದನ್ನು ಕೆಡಿಸಿದವಳು ನಾನೇ ಆದ್ದರಿಂದ ನಡುನಡುವೆ ನಾನೂ ಬರಬೇಕಾಗುತ್ತದೆ.

ಹಾವೇರಿ ಸ್ಟೇಷನ್ನಿನ ಹಿಂದೆ ಖಾಲಿ ಬಿದ್ದಿದ್ದ ಒಂದು ಗೋದಾಮನ್ನು ನಾವು ಹದಿನೈದು ಜನ ಹೆಣ್ಣುಮಕ್ಕಳು ಬಾಡಿಗೆಗೆ ಹಿಡಿದು ಕೈಕೆಲಸದ ಮನೆ ಮಾಡಿಕೊಂಡಿದ್ದೇವೆ. ಊರವರಿದ್ದಾರೆ, ಕರ್ಜಗಿಯವರಿದ್ದಾರೆ, ರಾಣೆಬೆನ್ನೂರಿನಿಂದಲೂ ಬರುತ್ತಾರೆ. ನಮಗೆಲ್ಲ ಬಸ್ಸು ಪುಕ್ಕಟೆ ಆದ ಮೇಲಂತೂ ದೂರ ಎಂಬ ನೆಪವೇ ಉಳಿಯಲಿಲ್ಲ. ಒಬ್ಬಿಬ್ಬರು ಕಸೂತಿ ಹಾಕುತ್ತಾರೆ, ಹೆಚ್ಚಿನವರದು ಕೌದಿ. ಹಳೆ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುತ್ತಾ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ತಿಂಗಳ ಕಡೆಯ ಶನಿವಾರ, ಮುಗಿಸಿದ ಕೆಲಸ ತಂದು ಉದ್ದ ಮೇಜಿನ ಮೇಲೆ ಹಾಸಬೇಕು. ಹಾಸಿದವಳು ಸುಮ್ಮನೆ ಕೂರಬೇಕು. ಉಳಿದವರು ನೋಡಿ, ಮುಟ್ಟಿ, ಮೊದಲು ಕುಂದು ಹೇಳಿ ಆಮೇಲೆ ಮೆಚ್ಚುಗೆ ಹೇಳಬೇಕು. ಎಲ್ಲರೂ ಒಪ್ಪಿದರೆ ಅದು ಎದುರಿನ ಗೋಡೆಗೆ ಏರುತ್ತದೆ, ಕೆಳಗೆ ಮಾಡಿದವಳ ಹೆಸರು ಬರೆದಿರುತ್ತದೆ. ಷರತ್ತು ಒಂದೇ, ಬೇರೆಯವರ ಕೈ ಸೋಕಿರಬಾರದು. ಹಿಂದೆ ಒಬ್ಬಾಕೆ ಸಂತೆಯಲ್ಲಿ ಕೊಂಡ ಕೌದಿಯನ್ನು ತನ್ನದೇ ಎಂದು ತಂದು ಹಾಸಿದ್ದಳು. ಅದನ್ನು ತಿರುವಿ ಹಾಕಿ ಕಳ್ಳತನ ಹಿಡಿದವಳು ನಾನೇ. ಕೌದಿಯ ಮುಂಬದಿ ಬಣ್ಣದಿಂದ ಕಣ್ಣು ಕಟ್ಟುತ್ತದೆ, ಹಿಂಬದಿಯ ಹೊಲಿಗೆ ನೋಡಿದರೆ ಯಾರ ಕೈ ಎಂದು ತಿಳಿದುಹೋಗುತ್ತದೆ. ನಮ್ಮ ಹದಿನೈದೂ ಜನರ ಹೊಲಿಗೆಯನ್ನು ನಾನು ಕತ್ತಲಲ್ಲಿ ಮುಟ್ಟಿ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಕುಲ್ಸುಮಬಿ ಎಂಟು ವರ್ಷದವಳಿದ್ದಾಗಿನಿಂದ ಬ್ಯಾಡಗಿ ಪೇಟೆಯ ಅಂಗಳಗಳಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿದವಳು. ಗಂಡ ಗೂಡುಸಾಬ ಅದೇ ಪೇಟೆಯಲ್ಲಿ ಹಮಾಲಿ ಮಾಡಿ ತೀರಿಕೊಂಡಿದ್ದ. ಮಗ, ಸೊಸೆ ದಿಲನಾಜಳ ಜೊತೆ ಇದ್ದಳು. ಕುಲ್ಸುಮಬಿ ಒಳಗೆ ಕಾಲಿಟ್ಟರೆ ಸೀರೆಗೆ ಹಿಡಿದ ಮೆಣಸಿನ ಘಾಟಿಗೆ ನಮಗೆಲ್ಲ ಸೀನು ಬರುತ್ತಿತ್ತು.

"ಬಂತ ನೋಡ್ರವ್ವಾ ಬ್ಯಾಡಗಿ ಘಾಟು!" ಎಂದು ಕರ್ಜಗಿಯ ಮರಿಯವ್ವ ಕಾಡುತ್ತಿದ್ದಳು.

"ಮೂಗು ಇದ್ದವ್ರಿಗೆ ಸೀನು ಬರತೈತಿ, ಸುಮ್ನಿರು" ಎಂದು ಕುಲ್ಸುಮಬಿ ಅವಳ ಪಕ್ಕದಲ್ಲೇ ಹೋಗಿ ಕೂರುತ್ತಿದ್ದಳು.

ಮೂರು ವರ್ಷದಲ್ಲಿ ಅವಳು ನಾಲ್ಕು ಕೌದಿ ತಂದಳು. ನಾಲ್ಕಕ್ಕೂ ನಾನು ಕುಂದು ತೆಗೆದೆ. ಒಂದರ ಮೂಲೆ ಎಳೆದಿತ್ತು, ಒಂದರ ಬಣ್ಣ ಬಿಟ್ಟಿತ್ತು, ಉಳಿದೆರಡು ನೆಟ್ಟಗೇ ಇದ್ದವು ಅನ್ನಿಸುತ್ತದೆ ಈಗ. ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, "ಮುಂದಿಂದು ನೋಡ್ರಿ ಅಕ್ಕೋರ" ಎಂದು ಮಡಚಿಕೊಂಡು ಹೋಗುತ್ತಿದ್ದಳು. ಒಮ್ಮೆ ಮಾತ್ರ ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆಯುವಾಗ ಹೇಳಿದಳು.

"ಇಡೀ ಜನ್ಮಾ ತೊಟ್ಟು ಮುರದೇನ್ರಿ. ಇದು ಕುಲ್ಸುಮಬಿ ಮುರದ ಕಾಯಿ ಅಂತ ಯಾರರ ಹೇಳ್ತಾರೇನು? ಒಂದರ ನಂದು ಅಂತ ಆ ಗ್ವಾಡಿ ಮ್ಯಾಲ ಇರಲಿ ಅಂತ ಆಸೆ ನೋಡ್ರಿ."

"ಚಂದ ಹೊಲಿ, ಏರತೈತಿ" ಎಂದೆ. ಅಷ್ಟೇ ಹೇಳಿದ್ದು.

ಐದನೆಯದನ್ನು ಶುರು ಮಾಡಿದವಳು ಕಳೆದ ಚಳಿಗಾಲದಲ್ಲಿ ಬರುವುದೇ ಬಿಟ್ಟಳು. ಫೋನು ಮಾಡಿದರೆ, "ರಾಣೆಬೆನ್ನೂರಾಗ ಮಗಳ ಮನಿಯಾಗ ಇದ್ದೇನ್ರಿ, ಬರ್ತೇನಿ" ಎನ್ನುತ್ತಿದ್ದಳು. ಐದು ತಿಂಗಳ ಮೇಲೆ ಒಂದು ಕಡೆಯ ಶನಿವಾರ ಬಂದಳು. ಸೊಸೆ ದಿಲನಾಜ ಜೊತೆಗಿದ್ದಳು. ಅವಳೇ ಚೀಲದಿಂದ ಕೌದಿ ತೆಗೆದು, ಮೇಜಿನ ಮೇಲೆ ಹಾಸಿ, ಪೇಟೆಯಲ್ಲಿ ಕೆಲಸವಿದೆ ಎಂದು ಹೊರಟುಹೋದಳು. ಕುಲ್ಸುಮಬಿ ಬಲಗೈಯನ್ನು ಸೆರಗಿನ ಒಳಗಿಟ್ಟುಕೊಂಡು ಬೆಂಚಿನ ಮೇಲೆ ಕೂತಳು.

ಕೌದಿ ಮಾತ್ರ ಏನು ಚಂದವಿತ್ತು! ನಡುವೆ ಕೆಂಪು ಚೌಕ, ಸುತ್ತ ಹಸಿರು, ನೀಲಿ, ಅರಿಷಿಣ. ಮರಿಯವ್ವ ಅಂತೂ, "ಯವ್ವಾ, ಇದು ಗ್ವಾಡಿಗೆ ಹೋಗೂದ ಸೈ" ಎಂದು ಕುಂದು ಹೇಳುವುದನ್ನೇ ಮರೆತಳು. ಕುಲ್ಸುಮಬಿಯ ಮುಖ ಅರಳಿತು. ನಾನು ಕೌದಿಯನ್ನು ತಿರುವಿ ಹಾಕಿದೆ.

ಅರ್ಧದ ತನಕ ಅವಳ ಹೊಲಿಗೆ, ಜೋಳದ ಕಾಳಿನಷ್ಟು ಉದ್ದ, ಬಿಗಿಯಾಗಿ ಬಲಕ್ಕೆ ವಾಲಿದ್ದು. ಅಲ್ಲಿಂದಾಚೆ ಬೇರೆಯೇ. ಉದ್ದುದ್ದ, ಸಡಿಲ, ಎಡಕ್ಕೆ ವಾಲಿದ್ದು.

"ಕುಲ್ಸುಮಬಿ, ಇದು ಎರಡು ಕೈ ಕೆಲಸ. ಈ ಅರ್ಧ ನಿಂದು. ಆ ಅರ್ಧ ಯಾರದು?"

"ಎಲ್ಲಾ ನಂದ ಐತ್ರಿ ಅಕ್ಕೋರ."

"ನನಗ ಹೇಳ್ತೀಯೇನು? ಸೊಸಿ ಕೈ ಅದು. ಅದಕ್ಕ ಆಕೀನ ಹಾಸಿ ಹೋದ್ಲು."

"ಅಲ್ಲಾನ ಆಣಿಗೂ ನಂದರಿ."

"ಆಣಿ ಯಾಕ? ಸೂಜಿ ಐತಲ್ಲ. ತಗೋ, ಎಲ್ಲಾರ ಮುಂದ ನಾಕು ಹೊಲಿಗಿ ಹಾಕು, ನೋಡೂಣು."

ದಾರ ಪೋಣಿಸಿದ ಸೂಜಿಯನ್ನು ಅವಳ ಮುಂದೆ ಹಿಡಿದೆ. ಅವಳು ಸೂಜಿ ನೋಡಿದಳು, ನನ್ನನ್ನು ನೋಡಿದಳು. ಕೈ ಸೆರಗಿನಿಂದ ಹೊರಗೆ ಬರಲಿಲ್ಲ. ಸಿಕ್ಕಿಬಿದ್ದವಳ ನಾಚಿಕೆ ಎಂದುಕೊಂಡೆ ನಾನು. "ಬ್ಯಾಡ ಬಿಡ್ರಿ" ಎಂದಳು. ಎಡಗೈಯಿಂದ ಕೌದಿಯನ್ನು ಎಳೆದು, ಮಡಚದೆ ಹಾಗೇ ಎದೆಗೆ ಅವಚಿಕೊಂಡು ಹೊರಗೆ ಹೋದಳು. ಒಳಗೆ ಹದಿಮೂರು ಜನ ತಲೆ ತಗ್ಗಿಸಿ ಕೂತಿದ್ದರು. ಷರತ್ತು ಅಂದರೆ ಷರತ್ತು ಎಂದು ನಾನೊಬ್ಬಳೇ ಗಟ್ಟಿಯಾಗಿ ಮಾತಾಡುತ್ತಿದ್ದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಮಕ್ಕಳಿಗೆ ಹೇಳಿಕೊಟ್ಟವಳೂ ನಾನೇ.

ಮುಂದಿನ ಶನಿವಾರ ದಿಲನಾಜ ಒಬ್ಬಳೇ ಬಂದಳು. ಅತ್ತೆ ಒಯ್ದಿದ್ದ ನಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಅತ್ತಿ ಇನ್ನ ಬರಂಗಿಲ್ಲರಿ. ಕತ್ರಿ ಕೊಟ್ಟು ಬಾ ಅಂದ್ರು."

"ಸಿಟ್ಟು ಬಂದೈತೇನು?" ಎಂದೆ. ಬಿಗುಮಾನ ಇನ್ನೂ ಹೋಗಿರಲಿಲ್ಲ ನೋಡಿ.

"ಸಿಟ್ಟಲ್ಲರಿ. ಅವ್ರಿಗೆ ಲಕ್ವಾ ಹೊಡದೈತಿ. ರಾಣೆಬೆನ್ನೂರಾಗ ಇಪ್ಪತ್ತು ದಿನ ದವಾಖಾನ್ಯಾಗ ಇದ್ರು. ಬಲಗೈ ಎದ್ದಿಲ್ಲ. ಕೌದಿ ಅರ್ಧ ಮದಲ ಆಗಿತ್ತು. ಉಳದದ್ದು ನಾಕು ತಿಂಗಳು ಎಡಗೈಲೆ ಹೊಲದ್ರು. ಸೂಜಿಗೆ ದಾರ ಹಾಕಿ ಕೊಡೂದೊಂದ ನಂದು, ಹೊಲಿಗಿ ಒಂದೂ ನಾ ಹಾಕಿಲ್ಲರಿ."

"ಅವತ್ತ ಯಾಕ ಹೇಳಲಿಲ್ಲವ್ವಾ?"

"ಹೇಳಬ್ಯಾಡ ಅಂದಿದ್ರು. ಕೈ ನೋಡಿ ಅಯ್ಯೋ ಪಾಪ ಅಂತ ಗ್ವಾಡಿಗೆ ಹಾಕೂದು ಬ್ಯಾಡ, ಕೌದಿ ನೋಡಿ ಹಾಕಲಿ ಅಂದಿದ್ರು."

ಎಡಚ ಮಕ್ಕಳ ಹೊಲಿಗೆ ಹಾಗೇ ಎಡಕ್ಕೆ ವಾಲುತ್ತದೆ. ಮೂವತ್ತೊಂದು ವರ್ಷ ವರ್ಷಕ್ಕೆ ಒಂದಿಬ್ಬರಾದರೂ ಅಂಥವರನ್ನು ನೋಡಿದವಳು ನಾನು. ಆ ಹೊತ್ತಿಗೆ ಅದು ಹೊಳೆಯಲಿಲ್ಲವಲ್ಲ! ಹೊಳೆಯುವುದು ಹೇಗೆ, ಕಳ್ಳಿಯನ್ನು ಹಿಡಿಯುವ ಹುರುಪಿನಲ್ಲಿದ್ದೆ. ಅಂದು ಮನೆಗೆ ಬಂದು ಅತ್ತುಬಿಟ್ಟೆ. ನನ್ನ ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ ಎಂದರೆ ಜನ ಏನೆಂದುಕೊಳ್ಳುತ್ತಾರೋ, ಅಂದುಕೊಳ್ಳಲಿ.

ಮರುದಿನ ಬೆಳಿಗ್ಗೆ ಮರಿಯವ್ವನನ್ನು ಕರೆದುಕೊಂಡು ಬ್ಯಾಡಗಿಯ ಬಸ್ಸು ಹತ್ತಿದೆ. ಕುಲ್ಸುಮಬಿ ಬಾಗಿಲ ಹೊರಗೆ ಬಿಸಿಲಿಗೆ ಕೂತಿದ್ದಳು, ಬಲಗೈ ತೊಡೆಯ ಮೇಲಿತ್ತು. ನಮ್ಮನ್ನು ನೋಡಿ ಏಳಲು ಹೋದಳು.

"ಬರ್ರಿ ಅಕ್ಕೋರ, ಕುಂದ್ರಿ. ದಿಲನಾಜ, ಚಾ ಇಡವ್ವಾ."

ಚಾಪೆಯ ಮೇಲೆ ಕೂತು, "ತಪ್ಪಾತು ಕುಲ್ಸುಮಬಿ. ನನ್ನ ಬಾಯಿ ಸುಡ್ಲಿ" ಎಂದೆ.

"ನೀವು ಸುಳ್ಳೇನ ಹೇಳಿಲ್ಲರಿ. ಎರಡು ಕೈ ಅಂದ್ರಿ, ಎರಡು ಕೈ ಹೌದಲ್ರಿ. ಈ ಕೈ ನನಗ ಹೊಸಾದು."

"ಕೌದಿ ಕೊಡು. ಇವತ್ತ ನಾನ ಮೊಳಿ ಹೊಡದು ಹಾಕ್ತೇನಿ. ನಿನ್ನ ಹೆಸರು ದೊಡ್ಡದಾಗಿ ಬರಸ್ತೇನಿ."

ಅವಳು ಸೊಸೆಗೆ ಕಣ್ಸನ್ನೆ ಮಾಡಿದಳು. ದಿಲನಾಜ ಒಳಗಿನಿಂದ ಕೌದಿ ತಂದು ನನ್ನ ಮುಂದಿಟ್ಟಳು. ಎತ್ತಿದರೆ ಅರ್ಧದಿಂದ ಪದರಗಳು ಬೇರೆಬೇರೆಯಾಗಿ ಜೋತುಬಿದ್ದವು, ಬಣ್ಣದ ಚೂರುಗಳು ಚಾಪೆಯ ಮೇಲೆ ಉದುರಿದವು. ಕುಲ್ಸುಮಬಿ ಎಡಗೈಯ ಹೊಲಿಗೆಯನ್ನೆಲ್ಲ ಬಿಚ್ಚಿಹಾಕಿದ್ದಳು.

"ನಾಕು ತಿಂಗಳು ಹೊಲದಿದ್ದೆ" ಎಂದಳು. "ಬಿಚ್ಚಾಕ ಮೂರ ದಿನ ಸಾಕಾತು. ಬಿಚ್ಚೂದು ಎಡಗೈಗೆ ಸಸಾರ."

ಮರಿಯವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಕೆಳಗೆ ಬಿದ್ದ ಚೂರುಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡೆ. ದಿನಾ ಬಸ್ಸಿಗೆ ಬರುತ್ತೇನೆ, ಇಲ್ಲೇ ಕೂತು ನಾನೇ ಹೊಲಿದುಕೊಡುತ್ತೇನೆ, ನಿನ್ನ ಹೊಲಿಗೆಯಂತೆಯೇ ಹಾಕುತ್ತೇನೆ, ಯಾರಿಗೂ ಗುರುತು ಸಿಗುವುದಿಲ್ಲ ಎಂದು ಏನೇನೋ ಬಡಬಡಿಸಿದೆ. ಕುಲ್ಸುಮಬಿ ಎಡಗೈ ಚಾಚಿ ನನ್ನ ಮಡಿಲಿನ ಚೂರುಗಳನ್ನು ಒಂದೊಂದಾಗಿ ವಾಪಸು ತೆಗೆದುಕೊಂಡಳು.

"ಬ್ಯಾಡ್ರಿ ಅಕ್ಕೋರ" ಎಂದಳು. "ನೀವು ಹೊಲದ್ರ ಖರೇನ ಅದು ಎರಡು ಮಂದಿ ಕೌದಿ ಆಗತೈತಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಷರತ್ತು ನೆನಪಿಟ್ಟುಕೊಂಡು ಹೇಳಿದಳು.