ಅಮ್ಮ ಫೇಲಾದ ಪ್ರಶ್ನೆಪತ್ರಿಕೆ

ಶಾಲೆಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದ ಎಲ್ಲರಿಗೂ ಆಕೆ ‘ಅರ್ಧ ಅಂಕ’. ಕಂಪ್ಯೂಟರ್ ವಿಜ್ಞಾನದ ಟೀಚರ್. ಉತ್ತರಪತ್ರಿಕೆ ತಿದ್ದುವಾಗ ಒಂದು ಅರ್ಧ ಅಂಕ ಕೊಡಬೇಕೋ ಬೇಡವೋ ಎಂದು ಊಟದ ಬಿಡುವನ್ನೆಲ್ಲ ತಲೆ ಕೆಡಿಸಿಕೊಂಡು ಕೂರುವವಳು. ಕೊಟ್ಟ ಮೇಲೆ, ಹಾಗಾದರೆ ಪಕ್ಕದ ಹುಡುಗಿಗೂ ಕೊಡಬೇಕಿತ್ತಲ್ಲ ಎಂದು ಇಡೀ ಕಟ್ಟನ್ನು ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡುವವಳು. ಸಿಬ್ಬಂದಿ ಕೋಣೆಯಲ್ಲಿ ಆಕೆಯ ಪಕ್ಕದ ಕುರ್ಚಿ ಸದಾ ಖಾಲಿ, ಏಕೆಂದರೆ ಅಲ್ಲಿ ಕೂತವರ ಅಭಿಪ್ರಾಯವನ್ನು ಆಕೆ ಕೇಳದೆ ಬಿಡುತ್ತಿರಲಿಲ್ಲ.

ಈ ಹುಚ್ಚಿಗೆ ಒಂದು ವಿಮಾನ ಕಾರಣ. ಆಕೆ ಓದುತ್ತಿದ್ದ ಕಾಲದಲ್ಲಿ ಕಂಪ್ಯೂಟರ್ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಯೊಂದು ಬಂದಿತ್ತು: ವಿಮಾನದ ಟಿಕೆಟ್ ಕಾಯ್ದಿರಿಸಲು ಬೇಕಾದ ಹಂತಗಳನ್ನು ಕ್ರಮವಾಗಿ ಬರೆಯಿರಿ. ಆಕೆ ವಿಮಾನ ನೋಡಿದ್ದಳು, ಆದರೆ ಕೆಳಗಿನಿಂದ. ಹಂತ, ಕ್ರಮ, ಷರತ್ತು ಎಲ್ಲ ಬಾಯಿಪಾಠವಾಗಿ ಬರುತ್ತಿದ್ದರೂ ವಿಮಾನ ಬರುತ್ತಿರಲಿಲ್ಲ. ಕೊನೆಗೆ ಧೈರ್ಯ ಮಾಡಿ, ವಿಮಾನ ನಿಂತ ಕೂಡಲೇ ಹಿಂಬಾಗಿಲಿನಿಂದ ಹತ್ತಬೇಕು, ಕಂಡಕ್ಟರ್ ಬಂದಾಗ ಚಿಲ್ಲರೆ ಕೊಡಬೇಕು ಎಂದು ಎರಡು ಪುಟ ಬರೆದಳು. ಹತ್ತಕ್ಕೆ ಅರ್ಧ ಅಂಕ ಬಂತು. ಅಂದೇ ಆಕೆ ಶಪಥ ಮಾಡಿದಳು. ತಾನು ಯಾವತ್ತಾದರೂ ಪ್ರಶ್ನೆಪತ್ರಿಕೆ ತೆಗೆದರೆ, ಪಾಠ ಓದಿದ ಮಗು ಪಾಠ ಓದಿದ್ದಕ್ಕೇ ಪಾಸಾಗಬೇಕು, ಅದರ ಅಪ್ಪ ಎಲ್ಲೆಲ್ಲಿ ಸುತ್ತಿ ಬಂದಿದ್ದಾನೆ ಎಂಬುದಕ್ಕಲ್ಲ.

ಈಗ ಆ ದಿನ ಬಂದಿತ್ತು, ಬಂದು ಎರಡು ಸಲ ವಾಪಸ್ಸೂ ಹೋಗಿತ್ತು. ಸುತ್ತಲಿನ ಶಾಲೆಗಳೆಲ್ಲ ಸೇರಿ ಒಂದು ಪ್ರಶ್ನೆಪತ್ರಿಕೆ ಸಮಿತಿ ಮಾಡಿಕೊಂಡಿದ್ದವು. ಆ ಸಮಿತಿ ಒಪ್ಪಿದವರ ಮಾದರಿ ಪತ್ರಿಕೆ ಎಲ್ಲ ಶಾಲೆಗೂ ಹೋಗುತ್ತದೆ, ಮುಂದಿನ ವರ್ಷದ ನಿಜವಾದ ಪತ್ರಿಕೆಯನ್ನೂ ಅವರೇ ತೆಗೆಯುತ್ತಾರೆ. ಸಮಿತಿಯ ಅಧ್ಯಕ್ಷರು ಒಬ್ಬ ಹಿರಿಯ ಮೇಷ್ಟ್ರು. ಎಲ್ಲರೂ ಹಿಂದಿನಿಂದ ಅವರನ್ನು ‘ಕೆಂಪು ಪೆನ್ನು’ ಎನ್ನುತ್ತಿದ್ದರು. ಮಾತು ಕಡಿಮೆ, ಗೆರೆ ಜಾಸ್ತಿ. ಆಕೆಯ ಪತ್ರಿಕೆಯನ್ನು ಎರಡು ಸಲವೂ ಅವರು ಒಂದೇ ಸಾಲು ಬರೆದು ಹಿಂದಿರುಗಿಸಿದ್ದರು: “ಊಹೆಗೆ ಬಾಗಿಲು ತೆರೆದಿದೆ.”

ಯಾವ ಬಾಗಿಲು? ಆಕೆ ತನ್ನ ನೀಲನಕ್ಷೆಯನ್ನು ಹರಡಿಕೊಂಡು ಹುಡುಕಿದಳು. ನೀಲನಕ್ಷೆ ಎಂದರೆ ಪ್ರಶ್ನೆ ತೆಗೆಯುವವರ ಕೋಷ್ಟಕ. ಉದ್ದಕ್ಕೆ ಪಾಠಗಳು, ಅಡ್ಡಕ್ಕೆ ಸುಲಭ, ಸಾಧಾರಣ, ಕಠಿಣ ಎಂಬ ಮನೆಗಳು. ಯಾವ ಪಾಠಕ್ಕೂ ಹೆಚ್ಚು ಕಡಿಮೆ ಆಗದೆ, ಅಡ್ಡಕ್ಕೆ ಕೂಡಿದರೂ ಎಪ್ಪತ್ತು, ಉದ್ದಕ್ಕೆ ಕೂಡಿದರೂ ಎಪ್ಪತ್ತು ಬರಬೇಕು. ಆಕೆಯದು ಬರುತ್ತಿತ್ತು. ಬಂದಾಗಲೆಲ್ಲ ಆಕೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗುತ್ತಿದ್ದಳು. ಇಷ್ಟಾದರೂ ಬಾಗಿಲು ಮಾತ್ರ ಕಾಣಲಿಲ್ಲ. ಕೆಂಪು ಪೆನ್ನನ್ನೇ ಕೇಳಿದರೆ, “ನೀವೇ ಹುಡುಕಿ” ಎಂದು ಹೇಳಿ ಕನ್ನಡಕ ಒರೆಸಿಕೊಂಡರು. ಇನ್ನೊಂದೇ ಅವಕಾಶ ಉಳಿದಿತ್ತು. ಮುಂದಿನ ಸೋಮವಾರದ ನಂತರದ ಸೋಮವಾರ. ಅದೂ ವಾಪಸಾದರೆ ಕೆಲಸ ಇನ್ನೊಬ್ಬ ಮೇಷ್ಟ್ರ ಪಾಲಾಗುತ್ತಿತ್ತು. ಆ ಮಹಾಶಯನ ಪತ್ರಿಕೆಯನ್ನು ಆಕೆ ಕದ್ದು ನೋಡಿದ್ದಳು. ಐದನೇ ಪುಟದಲ್ಲಿ ಏನಿತ್ತು ಅಂತೀರಿ? ವಿಮಾನ!

ಮನೆಯಲ್ಲಿದ್ದವರು ಇಬ್ಬರೇ, ಆಕೆ ಮತ್ತು ಅಮ್ಮ. ಮೂರನೇ ಮಹಡಿಯ ಎರಡು ಕೋಣೆ, ಕಿಟಕಿಯ ಪಕ್ಕ ಅಮ್ಮನ ಹೊಲಿಗೆ ಯಂತ್ರ. ಅಮ್ಮ ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಆ ಯಂತ್ರದ ಮುಂದೆ ಕೂತವಳು, ಮಗಳನ್ನು ಓದಿಸಿ ಮುಗಿಸುವವರೆಗೆ ಎದ್ದಿರಲಿಲ್ಲ. ಈಗ ಮಂಡಿನೋವಿನಿಂದ ಯಂತ್ರಕ್ಕೆ ರಜೆ. ಕೈಗೆ ಕೆಲಸವಿಲ್ಲದೆ ಅಮ್ಮ ಮನೆಯ ಪರದೆಗಳ ಅಂಚನ್ನೆಲ್ಲ ಎರಡೆರಡು ಸಲ ಬಿಚ್ಚಿ ಹೊಲಿದಿದ್ದಳು.

ಆ ಭಾನುವಾರ ಬೆಳಿಗ್ಗೆ ಮಗಳು ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು ತನ್ನ ಪತ್ರಿಕೆಯನ್ನು ತಾನೇ ಬರೆಯುತ್ತಿದ್ದಳು. ತನಗೆ ಒಂದು ನಿಮಿಷವಾದರೆ ಮಕ್ಕಳಿಗೆ ಮೂರು ನಿಮಿಷ, ಇದು ಆಕೆಯ ಲೆಕ್ಕ.

“ಒಬ್ಳೇ ಬರೀತಾ ಇದ್ದೀಯ, ನಂಗೂ ಒಂದು ಕೊಡು” ಅಂದಳು ಅಮ್ಮ.

“ಅಮ್ಮ, ಇದು ಕಂಪ್ಯೂಟರ್ ವಿಜ್ಞಾನ.”

“ಆಗ್ಲಿ ಬಿಡು. ಪೆನ್ಸಿಲ್ ನಂದೇ ಇದೆ.”

ಮಗಳು ನಕ್ಕು, ಒಂದೊಂದು ಅಂಕದ ಇಪ್ಪತ್ತು ಆಯ್ಕೆ ಪ್ರಶ್ನೆಗಳ ಹಾಳೆ ಕೊಟ್ಟಳು. ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಅಮ್ಮ ಬಟ್ಟೆಗೆ ಗುರುತು ಹಾಕುವ ವೇಗದಲ್ಲೇ ಹಾಕುತ್ತಾ ಹೋಗಿ ಆರು ನಿಮಿಷಕ್ಕೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡಳು. ಮಗಳು ತಮಾಷೆಗೆಂದು ತಿದ್ದಲು ಕೂತಳು. ಮೊದಲನೆಯದು ಸರಿ. ಎರಡನೆಯದೂ ಸರಿ. ಮೂರು, ನಾಲ್ಕು, ಐದೂ ಸರಿ. ಹತ್ತಕ್ಕೆ ಬರುವಷ್ಟರಲ್ಲಿ ಟೀಚರ್ ಬೆವರುತ್ತಿದ್ದಳು.

“ಅಮ್ಮಾ! ಇಪ್ಪತ್ತಕ್ಕೆ ಹದಿನಾರು!”

“ಅಂದ್ರೆ ಪಾಸಾ?”

“ಪಾಸೇನು, ನನ್ನ ಕ್ಲಾಸಲ್ಲಿ ಅರ್ಧಕ್ಕರ್ಧ ಮಕ್ಕಳು ಇಷ್ಟು ತೆಗೆಯಲ್ಲ!”

ಅಷ್ಟೇ ಸಾಕಾಯಿತು. ಅಮ್ಮನ ಮಂಡಿನೋವು ಎಲ್ಲಿ ಹೋಯಿತೋ, ಚಪ್ಪಲಿಯನ್ನೂ ಮೆಟ್ಟದೆ ಎದುರುಮನೆಯ ಬಾಗಿಲು ಬಡಿದಳು. “ನಾನು ಕಂಪ್ಯೂಟರಲ್ಲಿ ಪಾಸಾದೆ ಕಣೇ! ಹದಿನಾರು!” ಎದುರುಮನೆಯಾಕೆ ಕಣ್ಣರಳಿಸಿ, “ಹಾಗಾದ್ರೆ ಅಕ್ಕಾ, ನನ್ನ ಫೋನ್ ಯಾಕೋ ಮಾತಾಡ್ತಾ ಇಲ್ಲ, ಸ್ವಲ್ಪ ನೋಡಿ” ಎಂದು ಒಳಗೆ ಕರೆದಳು. ಅಮ್ಮ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, “ಚಾರ್ಜಿಗೆ ಹಾಕು” ಅಂದಳು. ಹಾಕಿದರು. ಫೋನ್ ಎದ್ದು ಕೂತಿತು. ಮಧ್ಯಾಹ್ನದೊಳಗೆ ಕೆಳಗಿನ ಮಹಡಿಯಿಂದ ಒಂದು ಕೆಟ್ಟ ರೇಡಿಯೊ, ಎರಡು ರಿಮೋಟು, ಒಂದು ಇಸ್ತ್ರಿಪೆಟ್ಟಿಗೆ ಮೆಟ್ಟಿಲು ಹತ್ತಿ ಬಂದವು. ಅಮ್ಮನ ಮುಖ ಊರಗಲವಾಗಿತ್ತು.

ಮಗಳು ಮಾತ್ರ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಕಂಪ್ಯೂಟರ್ ಮುಟ್ಟದ ಅಮ್ಮ ಹದಿನಾರು ತೆಗೆದಿದ್ದಾಳೆಂದರೆ, ಓದದ ಮಗುವೂ ತೆಗೆಯುತ್ತದೆ, ಓದಿದ ಮಗುವಿನ ಶ್ರಮ ನೀರುಪಾಲಾಗುತ್ತದೆ.

“ಅಮ್ಮ, ನಿಜ ಹೇಳು. ಹೇಗೆ ಬರೆದೆ?”

“ಅದೇನು ಬ್ರಹ್ಮವಿದ್ಯೆಯಾ? ಉದ್ದ ಇರೋದೇ ಸರಿ” ಅಂದಳು ಅಮ್ಮ, ಇಸ್ತ್ರಿಪೆಟ್ಟಿಗೆ ಬಿಚ್ಚುತ್ತಾ. “ಸರಿ ಉತ್ತರಕ್ಕೆ ನೀನು ಮುದ್ದಿನ ಗಿರಾಕಿಗೆ ಬಿಟ್ಟ ಹಾಗೆ ಬಟ್ಟೆ ಬಿಟ್ಟಿದ್ದೀಯ. ಸುಳ್ಳು ಉತ್ತರಕ್ಕೆಲ್ಲ ಗೇಣುದ್ದ. ಆಮೇಲೆ ‘ಯಾವಾಗಲೂ’, ‘ಎಂದೆಂದಿಗೂ’ ಅನ್ನೋದು ಎಲ್ಲಿದ್ಯೋ ಅದು ಸುಳ್ಳು. ಯಾವಾಗ್ಲೂ ನಿಮ್ಮತ್ರಾನೇ ಹೊಲಿಸ್ತೀನಿ ಅಂದೋರು ಯಾರೂ ಎರಡನೇ ಸಲ ಬಂದಿಲ್ಲ. ಅದೂ ಗೊತ್ತಾಗಲಿಲ್ಲ ಅಂದ್ರೆ ಮೂರನೇದು. ಚಿಕ್ಕೋಳಿದ್ದಾಗಿಂದ್ಲೂ ನೀನು ಏನು ಬಚ್ಚಿಟ್ರೂ ಮೂರನೇ ಡ್ರಾಯರಿನಲ್ಲೇ ತಾನೆ? ಇನ್ನು ನಾಲ್ಕನೇ ಪ್ರಶ್ನೆಗೆ ಉತ್ತರಾನ ಹನ್ನೊಂದನೇ ಪ್ರಶ್ನೇಲಿ ನೀನೇ ಬರೆದಿದ್ದೀಯಲ್ಲ!”

ಟೀಚರ್ ಹಾಳೆ ನೋಡಿದಳು. ಒಂದೊಂದೂ ನಿಜ. ಇಷ್ಟು ದಿನ ಹುಡುಕಿದ ಬಾಗಿಲು ಒಂದಲ್ಲ, ನಾಲ್ಕು. ನಾಲ್ಕೂ ಹಾರು ಹೊಡೆದುಕೊಂಡಿದ್ದವು. ಆಕೆಗೆ ಅಳು ಬರಬೇಕಿತ್ತು, ನಗು ಬಂತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಯಂತ್ರದ ಪಕ್ಕದಲ್ಲಿ ಕುಸಿದು ಕೂತಳು. ಅಮ್ಮನೂ ಸುಮ್ಮನೆ ಜೊತೆಗೆ ನಕ್ಕಳು. ನಗು ನಿಂತ ಮೇಲೆ ಮಗಳು ಹೇಳಲೇಬೇಕಾಯಿತು.

“ಅಮ್ಮ, ನೀನು ಪಾಸಾಗಿದ್ದು ನನ್ನ ತಪ್ಪಿನಿಂದ. ಪತ್ರಿಕೆ ಸರಿ ಇದ್ದಿದ್ರೆ ಪಾಸಾಗ್ತಿರಲಿಲ್ಲ.”

ಅಮ್ಮ ಇಸ್ತ್ರಿಪೆಟ್ಟಿಗೆಯ ಸ್ಕ್ರೂ ಕೆಳಗಿಟ್ಟಳು. “ನಂದೇನೂ ಇಲ್ವಾ ಅದ್ರಲ್ಲಿ? ಹದಿನಾರರಲ್ಲಿ ಒಂದೂ?”

ಮಗಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ಇದೆ ಎನ್ನಲು ಅರ್ಧ ಅಂಕದ ಮನಸ್ಸು ಒಪ್ಪಲಿಲ್ಲ. ಅಮ್ಮ ಗೂಟದಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ತೆಗೆದು ಮಗಳ ಕೊರಳಿಗೆ ಹಾಕಿದಳು.

“ಹಾಗಾದ್ರೆ ಬಿಚ್ಚು. ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿ. ಮುಂದಿನ ಭಾನುವಾರ ಮತ್ತೆ ಬರೀತೀನಿ. ಈ ಸಲ ಬಂದಿದ್ದು ಮಾತ್ರ ನಂದು.”

ಆ ವಾರ ಟೀಚರ್ ಹಳೆಯ ಇಪ್ಪತ್ತನ್ನೂ ಬದಿಗೆ ಸರಿಸಿ ಹೊಸ ಇಪ್ಪತ್ತು ಬರೆದಳು. ಪ್ರತಿದಿನ ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಕೂತು, ಪ್ರತಿ ಪ್ರಶ್ನೆಯ ನಾಲ್ಕು ಉತ್ತರಗಳನ್ನೂ ಟೇಪು ಹಿಡಿದು ಅಳೆದಳು. ತಮಾಷೆಗಲ್ಲ, ನಿಜವಾಗಿಯೂ. ಒಂದು ಉತ್ತರ ಇನ್ನೊಂದಕ್ಕಿಂತ ಬೆರಳಗಲ ಮುಂದೆ ಬಂದರೆ ಕತ್ತರಿಸಿದಳು. ‘ಯಾವಾಗಲೂ’ಗಳನ್ನು ಹೊಡೆದು ಹಾಕಿದಳು. ಸರಿ ಉತ್ತರ ಎಷ್ಟನೆಯದಾಗಬೇಕೆಂದು ಚೀಟಿ ಎತ್ತಿ ತೀರ್ಮಾನಿಸಿದಳು. ಇನ್ನೊಂದರ ಉತ್ತರವನ್ನು ಚಾಡಿ ಹೇಳುವ ಪ್ರಶ್ನೆಗಳನ್ನು ಹಿಡಿಯಲು ಪತ್ರಿಕೆಯನ್ನು ಹಿಂದಿನಿಂದ ಮುಂದಕ್ಕೆ ಓದಿದಳು. ಕೊರಳಲ್ಲಿ ಟೇಪು ನೇತುಹಾಕಿಕೊಂಡು ಪರದೆಗೆ ಮೂಗು ತಾಗಿಸಿ ಕೂತಿದ್ದವಳನ್ನು ಕಂಡ ಗಣಿತದ ಟೀಚರ್, ಪಾಪ, ಸದ್ದಿಲ್ಲದೆ ಬಾಗಿಲು ಮುಚ್ಚಿಕೊಂಡು ಹೋದಳು.

ಭಾನುವಾರ ಬಂತು. ಈ ಸಲ ಅಮ್ಮ ಕನ್ನಡಕ ಹಾಕಿಕೊಂಡು, ಎರಡು ಪೆನ್ಸಿಲ್ ಕೆತ್ತಿಕೊಂಡು, ಎದುರುಮನೆಯವರಿಗೆ ಗಲಾಟೆ ಮಾಡಬೇಡಿ ಎಂದು ಹೇಳಿಬಂದು ಕೂತಳು. ಐದು ನಿಮಿಷಕ್ಕೇ ಗೊಣಗಾಟ ಶುರುವಾಯಿತು.

“ಇದೇನೇ, ಎಲ್ಲ ಒಂದೇ ಅಳತೆ! ಎಲ್ಲೂ ದಾರದ ತುದೀನೇ ಸಿಗ್ತಾ ಇಲ್ಲ.”

ಮಗಳು ಉಗುರು ಕಚ್ಚುತ್ತಾ ನಿಂತಿದ್ದಳು. ಏನೂ ಗೊತ್ತಿಲ್ಲದವರು ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ತಗಲುತ್ತದೆ, ಇಪ್ಪತ್ತಕ್ಕೆ ಐದು. ಅದಕ್ಕಿಂತ ಬಹಳ ಹೆಚ್ಚು ಬಂದರೆ ಬಾಗಿಲು ಇನ್ನೂ ತೆರೆದಿದೆ ಎಂದರ್ಥ. ಅಮ್ಮ ನಲವತ್ತು ನಿಮಿಷ ತೆಗೆದುಕೊಂಡಳು. ಮಗಳು ತಿದ್ದಿದಳು. ತಪ್ಪು. ತಪ್ಪು. ಸರಿ. ತಪ್ಪು. ಕೊನೆಗೆ ಕೂಡಿದಳು, ಇನ್ನೊಮ್ಮೆ ಕೂಡಿದಳು. ಐದು! ಅಳತೆಗೆ ಕತ್ತರಿಸಿಟ್ಟ ಹಾಗೆ ಐದು!

“ಫೇಲ್!” ಎಂದು ಕಿರುಚಿದಳು ಟೀಚರ್. “ಅಮ್ಮ ಫೇಲ್! ಅಮ್ಮ ಫೇಲ್!” ಅಮ್ಮನ ಎರಡೂ ಕೈ ಹಿಡಿದು ಕೋಣೆಯ ತುಂಬ ಗಿರಗಿರನೆ ತಿರುಗಿಸಿದಳು. ಎದುರುಮನೆಯಾಕೆ ಓಡಿಬಂದು, ಅಕ್ಕ ಫೇಲಾದದ್ದಕ್ಕೆ ಮಗಳು ಇಷ್ಟೊಂದು ಕುಣಿಯುವುದನ್ನು ನೋಡಿ ಬಾಗಿಲಲ್ಲೇ ಬೆಪ್ಪಾಗಿ ನಿಂತಳು.

“ಬಿಡೇ, ಮಂಡಿ!” ಎಂದು ಅಮ್ಮ ಬಿಡಿಸಿಕೊಂಡು ಕೂತಳು. ಏದುಸಿರು ಬಿಡುತ್ತಲೇ ಹಾಳೆಯ ಮೇಲೆ ಬೆರಳಿಟ್ಟಳು. “ಐದರಲ್ಲಿ ನಾಲ್ಕು ನಂದಲ್ಲ. ಸುಮ್ನೆ ಹಾಕಿದ್ದು. ಆದ್ರೆ ಈ ಹದಿನೇಳನೇದು ನೋಡು.”

ಹದಿನೇಳನೆಯ ಪ್ರಶ್ನೆ ಹೀಗಿತ್ತು: ಎಣಿಕೆ ಒಂದರಿಂದ ಶುರು. ಎಣಿಕೆ ಏಳನ್ನು ದಾಟುವವರೆಗೆ ಪ್ರತಿ ಸುತ್ತಿನಲ್ಲೂ ಒಂದು ನಕ್ಷತ್ರ ಮುದ್ರಿಸಿ, ಎಣಿಕೆಗೆ ಎರಡು ಸೇರಿಸು. ಒಟ್ಟು ನಕ್ಷತ್ರ ಎಷ್ಟು? ಬುದ್ಧಿವಂತ ಮಕ್ಕಳೂ ಅವಸರದಲ್ಲಿ ಮೂರು ಎನ್ನುವ ಲೆಕ್ಕ ಅದು. ಅಮ್ಮ ನಾಲ್ಕಕ್ಕೆ ಗುರುತು ಹಾಕಿದ್ದಳು. ಪಕ್ಕದ ಖಾಲಿ ಜಾಗದಲ್ಲಿ ಉದ್ದನೆಯ ಪಟ್ಟಿಯೊಂದರ ಚಿತ್ರ ಬರೆದು, ಅದರ ಮೇಲೆ ನಾಲ್ಕು ಪುಟ್ಟ ಸೊನ್ನೆ ಸುತ್ತಿದ್ದಳು.

“ಏನಮ್ಮ ಇದು?”

“ಗುಂಡಿ. ಒಂದನೇ ಇಂಚಿಗೆ ಮೊದಲ್ನೇದು, ಆಮೇಲೆ ಎರಡೆರಡು ಇಂಚಿಗೆ, ಏಳರವರೆಗೆ. ಒಂದು, ಮೂರು, ಐದು, ಏಳು. ನಾಲ್ಕು ಗುಂಡಿ. ಮೂರೇ ಹಾಕಿದ್ರೆ ಹೊಟ್ಟೆ ಕಾಣುತ್ತೆ!”

ಮರುದಿನ ಕೆಂಪು ಪೆನ್ನು ಹೊಸ ಪತ್ರಿಕೆಯನ್ನು ಅರ್ಧ ಗಂಟೆ ಓದಿದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. ಟೀಚರ್ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು.

“ಬಾಗಿಲು ಮುಚ್ಚಿದೆ” ಎಂದರು ಕೊನೆಗೆ. “ಹೇಗೆ ಸಿಕ್ಕಿತಮ್ಮಾ?”

ಆಕೆ ಅಮ್ಮನ ಎರಡು ಹಾಳೆಗಳನ್ನು ಮುಂದಿಟ್ಟಳು, ಹದಿನಾರು ಬಂದದ್ದು ಮತ್ತು ಐದು ಬಂದದ್ದು. ಆಮೇಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಗೇಣುದ್ದದ ಸುಳ್ಳುಗಳು, ಮೂರನೇ ಡ್ರಾಯರು, ಅಳತೆ ಟೇಪು, ಹೊಟ್ಟೆ ಕಾಣುವ ಅಂಗಿ. ಯಾವತ್ತೂ ಹಲ್ಲು ತೋರಿಸದ ಮನುಷ್ಯ ಮೇಜು ಕುಟ್ಟಿ ಕುಟ್ಟಿ ನಕ್ಕು, ಕಣ್ಣೊರೆಸಿಕೊಂಡು ಪತ್ರಿಕೆಗೆ ಸಹಿ ಹಾಕಿದರು. ನಂತರ ಎರಡನೆಯ ಹಾಳೆಯನ್ನು ತಮ್ಮತ್ತ ಎಳೆದುಕೊಂಡು, ಆ ನಾಲ್ಕು ಗುಂಡಿಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ‘೧’ ಎಂದು ಬರೆದು, ಕೆಳಗೆ ಗೆರೆ ಎಳೆದರು.

ಟೀಚರ್ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಮನೆಗೆ ಬಂದಳು. “ನಾನು ಪಾಸು, ನೀನು ಫೇಲು!” ಎಂದು ಬಾಗಿಲಲ್ಲೇ ಕೂಗಿ, ಹಾಳೆ ಕೊಟ್ಟಳು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಂಪು ಅಂಕಿಯ ಮೇಲೆ ಬೆರಳಾಡಿಸಿದಳು. ನಾಲ್ಕನೇ ತರಗತಿಯ ನಂತರ ಯಾವ ಮೇಷ್ಟ್ರೂ ಅವಳ ಹಾಳೆಯ ಮೇಲೆ ಏನೂ ಬರೆದಿರಲಿಲ್ಲ.

ಹದಿನಾರು ಬಂದ ಹಾಳೆಯನ್ನು ಅಮ್ಮ ಸಂಜೆಯೊಳಗೆ ಕತ್ತರಿಸಿ ಕಾಲರಿನ ನಮೂನೆ ಮಾಡಿಕೊಂಡಳು. ಐದು ಬಂದದ್ದನ್ನು ಯಂತ್ರದ ಮೇಲಿನ ಗೋಡೆಗೆ ನಾಲ್ಕೂ ಮೂಲೆಗೆ ಗುಂಡುಪಿನ್ನು ಚುಚ್ಚಿ ಸಿಕ್ಕಿಸಿದಳು. ರಿಮೋಟು ರಿಪೇರಿಗೆ ಬಂದ ಎದುರುಮನೆಯಾಕೆ ಅದನ್ನು ನೋಡಿ, “ಅಯ್ಯೋ ಅಕ್ಕಾ, ಫೇಲಾದದ್ದನ್ನ ಯಾಕೆ ಗೋಡೆಗೆ ಹಾಕಿದ್ರಿ?” ಎಂದು ಕೇಳಿದಳು.

“ಅಲ್ಲಿ ಕೆಂಪಗೆ ಕಾಣುತ್ತಲ್ಲ, ಅದು ನಂದು” ಅಂದಳು ಅಮ್ಮ. “ಅರ್ಧ ಅಲ್ಲ ಕಣೇ. ಪೂರ್ತಿ ಒಂದು.”