ಸೋಲಲೆಂದು ನಿಂತವಳು

ಏವಿಸ್ ಹ್ಯಾಡೋಗೆ ಆ ಶುಕ್ರವಾರ ಬೇಕಾಗಿದ್ದದ್ದು ಒಂದೇ, ಸೋಲು. ಅಚ್ಚುಕಟ್ಟಾಗಿ ಸೋತು, ಗೆದ್ದವನ ಕೈಕುಲುಕಿ, ಮನೆಗೆ ಹೋಗಿ ಕಾಲು ಚಾಚಿದರೆ ಸಾಕಿತ್ತು. ಥಾರ್ನ್‌ಸಿಯ ಈಜುಕೊಳದ ಪಕ್ಕದ ಆಟದ ಹಾಲ್‌ನಲ್ಲಿ ಉದ್ದುದ್ದ ಮೇಜುಗಳ ಮೇಲೆ ಮತಪತ್ರ ಸುರಿದುಕೊಂಡು ಎಣಿಸುತ್ತಿದ್ದರು. ಎದೆಗೆ ಪಕ್ಷದ ಬಣ್ಣದ ರಿಬ್ಬನ್ ಹೂವು ಸಿಕ್ಕಿಸಿಕೊಂಡವರು ಮೇಜಿನಿಂದ ಮೇಜಿಗೆ ಇಣುಕುತ್ತಿದ್ದರು. ಏವಿಸ್ ಮಾತ್ರ ಗೋಡೆ ಬದಿಯ ಬೆಂಚಿನ ಮೇಲೆ ಕೂತು, ತಣ್ಣಗಾದ ಚಹಾ ಹಿಡಿದು, ಆಕಳಿಕೆ ನುಂಗುತ್ತಿದ್ದಳು.

ಅವಳ ಸುಸ್ತು ನಿನ್ನೆ ಮೊನ್ನೆಯದಲ್ಲ. ಹುಟ್ಟಿದ್ದು ಇದೇ ಊರಿನಲ್ಲಿ, ಬೇಸಿಗೆಗೆ ಬರುವವರಿಗೆ ರೂಮು ಬಾಡಿಗೆ ಕೊಡುವ ಮನೆಯಲ್ಲಿ. ಬಂದವರೆಲ್ಲ ಕಡಲಲ್ಲಿ ಕುಣಿದು ಬಂದರೆ, ಅವರ ಕಾಲಿಗಂಟಿದ ಮರಳನ್ನು ಮೆಟ್ಟಿಲಿನಿಂದ ಗುಡಿಸುವುದು ಇವಳ ಪಾಲಿನ ರಜೆ. ದೊಡ್ಡವಳಾದ ಮೇಲೆ ಶಾಲೆಯ ಅಡುಗೆಮನೆ ಸೇರಿದಳು, ಕೊಳಾಯಿ ರಿಪೇರಿಯ ಕ್ಲಿಫ್‌ನನ್ನು ಮದುವೆಯಾದಳು. ಕ್ಲಿಫ್ ಕೌನ್ಸಿಲರ್ ಆದ. ಊರು ಮತ ಹಾಕಿದ್ದು ಅವನಿಗೆ, ದುಡಿದದ್ದು ಇವಳು. ಪುಣ್ಯಾತ್ಮ ಸಭೆ, ಸಮಾರಂಭ, ಹೊಸ ದೀಪದ ಉದ್ಘಾಟನೆ ಎಂದು ಹೊರಟರೆ ಮನೆಯಲ್ಲಿ ಫೋನ್ ಎತ್ತುವವರು ಯಾರು? ಕಡಲಹಕ್ಕಿಗಳು ಕಸದ ಚೀಲ ಹರಿದು ಹಾಕಿವೆ, ದಂಡೆಯ ಶೌಚಾಲಯಕ್ಕೆ ಬೀಗ ಬಿದ್ದಿದೆ, ಎದುರುಮನೆಯ ನಾಯಿ ನಮ್ಮ ಗೇಟಿನ ಮುಂದೆಯೇ ಕೂರುತ್ತದೆ. ಈ ಜನಕ್ಕೆ ಕಷ್ಟ ನೆನಪಾಗುತ್ತಿದ್ದದ್ದು ಏವಿಸ್ ಊಟಕ್ಕೆ ಕೂತಾಗಲೇ.

ಕಳೆದ ಚಳಿಗಾಲ ಕ್ಲಿಫ್ ತೀರಿಕೊಂಡ. ಫೋನ್ ನಿಲ್ಲಲಿಲ್ಲ. ಮಣ್ಣು ಮಾಡಿ ಬಂದ ದಿನ ಸಂಜೆ ಒಬ್ಬ ಮಹಾರಾಯ, "ನಿಮ್ಮ ದುಃಖ ಅರ್ಥ ಆಗುತ್ತೆ ಏವಿಸ್, ಆದ್ರೆ ನಮ್ಮ ಬೀದಿ ಚರಂಡಿ," ಎಂದು ಶುರು ಮಾಡಿದ್ದ. ಅವತ್ತೇ ಅವಳು ತಂಗಿ ಥೆಲ್ಮಾಗೆ ಹೇಳಿದಳು, ಬರ್ತೀನಿ ಕಣೇ. ಥೆಲ್ಮಾ ಇರುವುದು ಶ್ರಾಪ್‌ಶೈರ್‌ನ ಗುಡ್ಡಗಳ ನಡುವೆ. ಅಲ್ಲಿ ಕಡಲಿಲ್ಲ, ಕಡಲಗಾಳಿಯಿಲ್ಲ, ಕ್ಲಿಫ್‌ನ ಹೆಂಡತಿ ಎಂದು ಗುರುತಿಸುವವರು ಒಬ್ಬರೂ ಇಲ್ಲ. ತಂಗಿ ಹಿತ್ತಲ ಕಡೆಯ ರೂಮಿಗೆ ಬಣ್ಣ ಹೊಡೆಸಿ ಕಾಯುತ್ತಿದ್ದಳು.

ಅಷ್ಟರಲ್ಲಿ ಕ್ಲಿಫ್‌ನ ಪಕ್ಷದ ರಸೆಲ್ ಬಂದ. ಚುನಾವಣೆ ಬಂದರೆ ಸಾಕು, ಊಟ ನಿದ್ದೆ ಬೇಡದ ಮನುಷ್ಯ.

"ಶಾಸ್ತ್ರಕ್ಕೆ ಒಂದು ಹೆಸರು ಬೇಕು ಏವಿಸ್, ಅಷ್ಟೇ. ಎಲ್ಲಾ ವಾರ್ಡಲ್ಲೂ ನಾವು ನಿಂತಿದ್ದೀವಿ ಅಂತ ತೋರಿಸ್ಬೇಕಲ್ಲ. ಗೆಲ್ಲೋ ಮಾತೇ ಇಲ್ಲ. ಕ್ಲಿಫ್ ಇಲ್ಲ ಅಂದ್ಮೇಲೆ ಈ ಸಲ ಡೆಸ್ಮಂಡ್ ಪೈಕ್‌ದೇ."

"ಗ್ಯಾರಂಟಿನಾ?"

"ಬರೆದು ಕೊಡ್ಲಾ?"

"ನಾನು ಮನೆ ಮನೆ ಸುತ್ತಲ್ಲಪ್ಪ."

"ಸೋಫಾ ಬಿಟ್ಟು ಏಳ್ಬೇಡಿ ನೀವು. ಕ್ಲಿಫ್ ಇದ್ದಿದ್ರೆ ಇಲ್ಲ ಅಂತಿದ್ರಾ ಹೇಳಿ?"

ಬೇಡ ಅನ್ನುವುದಕ್ಕೂ ತ್ರಾಣ ಬೇಕಲ್ಲ. ಏವಿಸ್ ಸಹಿ ಹಾಕಿಬಿಟ್ಟಳು.

ಡೆಸ್ಮಂಡ್ ಪೈಕ್ ಎಂದರೆ ಕ್ಲಿಫ್‌ನ ಎದುರು ಐದು ಸಲ ನಿಂತು ಐದು ಸಲವೂ ಸೋತವನು. ಬಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು, ಶಾಲೆಯಲ್ಲಿ ಏವಿಸ್‌ಳ ಓರಗೆಯವನು. ಒಳ್ಳೆಯವನೇ. ಆದರೆ ಕೌನ್ಸಿಲ್‌ನ ಹುಚ್ಚು ಅವನಿಗೆ ತಲೆಗೇರಿತ್ತು. ಆ ಚಳಿಗಾಲವಿಡೀ ಗಾಳಿಗೆ ಎದೆ ಕೊಟ್ಟು ಊರಿನ ಒಂದೊಂದು ಬಾಗಿಲನ್ನೂ ತಟ್ಟಿದ. ತಟ್ಟದೆ ಬಿಟ್ಟ ಬಾಗಿಲೆಂದರೆ ಅವನ ತಾಯಿ ಮೈಸಿಯದು.

ಮೈಸಿ ಇದ್ದದ್ದು ಏವಿಸ್‌ಳ ಪಕ್ಕದ ಮನೆಯಲ್ಲಿ. ತೊಂಬತ್ತು ದಾಟಿದ ಮುದುಕಿ, ಹೊಸ್ತಿಲು ದಾಟದೆ ವರ್ಷವಾಗಿತ್ತು. ಕ್ರಿಸ್‌ಮಸ್ ಹೊತ್ತಿಗೆ ಅಡುಗೆಮನೆಯಲ್ಲಿ ಜಾರಿ ಬಿದ್ದಾಗ ಮೊದಲು ಮಗನನ್ನೇ ಕರೆದಳು, ಅವನು ಯಾವುದೋ ಸಭೆಯಲ್ಲಿದ್ದ. ಆಮೇಲೆ ಗೋಡೆ ಬಡಿದಳು, ಏವಿಸ್ ಓಡಿ ಬಂದಳು. ಮುದುಕಿಗೆ ಅಚ್ಚಿನ ಅಕ್ಷರ ಕಾಣುತ್ತಿರಲಿಲ್ಲ, ಗುರುವಾರ ಬರುವ ಊರ ಪತ್ರಿಕೆಯನ್ನು ಏವಿಸ್ ಓದಿ ಹೇಳಬೇಕು. ತಾನು ಬರೆಯುವುದಾದರೆ ಆನೆ ಗಾತ್ರದ ನಡುಗುವ ಅಕ್ಷರ. ಅಂಗಡಿಯಿಂದ ತರಬೇಕಾದ ಬ್ರೆಡ್ಡು ಬೆಣ್ಣೆಯನ್ನು ಹಾಗೆ ಬರೆದು ಬರೆದು ಕೊಡುತ್ತಿದ್ದಳು.

"ಊರೋರ ಬಾಗಿಲು ತಟ್ಟೋಕೆ ಅವನಿಗೆ ಪುರುಸೊತ್ತಿದೆ," ಎನ್ನುತ್ತಿದ್ದಳು. "ನಾನೂ ಮತದಾರಳೇ ಅಂತ ಯಾರಾದ್ರೂ ಹೇಳ್ರೇ ಅವನಿಗೆ."

ಶುಕ್ರವಾರ ಎಣಿಕೆಯ ಹಾಲ್‌ನಲ್ಲಿ ರಸೆಲ್ ಏದುಸಿರು ಬಿಡುತ್ತ ಬಂದ. "ಏಳಿ ಏವಿಸ್. ಎರಡು ಸಲ ಎಣಿಸಿದ್ರು. ನೀವೂ ಡೆಸ್ಮಂಡೂ ಸಮ."

"ಸಮ ಅಂದ್ರೇನು? ಗ್ಯಾರಂಟಿ ಅಂದಿದ್ಯಲ್ಲೋ."

"ನನಗೇನು ಗೊತ್ತಿತ್ತು ಜನ ನಿಮಗೆ ಹಾಕ್ತಾರೆ ಅಂತ. ಬನ್ನಿ, ಅನುಮಾನದ ಮತಪತ್ರ ನೋಡ್ಬೇಕಂತೆ."

ಚುನಾವಣಾಧಿಕಾರಿ, ಗಂಭೀರ ಮುಖದ ಹೆಂಗಸು, ಅನುಮಾನದ ಮತಪತ್ರಗಳನ್ನು ಒಂದೊಂದಾಗಿ ಅಭ್ಯರ್ಥಿಗಳ ಮುಂದಿಟ್ಟಳು. ಒಬ್ಬ ಎಲ್ಲರೂ ಕಳ್ಳರು ಎಂದು ಬರೆದಿದ್ದ, ತಿರಸ್ಕೃತ. ಇನ್ನೊಬ್ಬ ಇಬ್ಬರಿಗೂ ಗುರುತು ಹಾಕಿದ್ದ, ಅದೂ ತಿರಸ್ಕೃತ. ಕೊನೆಗೆ ಉಳಿದದ್ದು ಒಂದು. ಏವಿಸ್‌ಳ ಹೆಸರಿನ ಮುಂದಿನ ಚೌಕದಲ್ಲಿ ಕತ್ತರಿ ಗುರುತಿನ ಬದಲು ಬರಹವಿತ್ತು, ಚೌಕ ಮೀರಿ ಹೊರಚೆಲ್ಲಿದ್ದ ಆನೆ ಗಾತ್ರದ ಅಕ್ಷರ: ಕರೆದರೆ ಬರುತ್ತಾಳೆ.

"ಯಾರಿಗೆ ಹಾಕಿರೋದು ಅನ್ನೋದು ಸ್ಪಷ್ಟ ಇದೆ," ಎಂದಳು ಅಧಿಕಾರಿ. "ಆದ್ರೆ ಬರೆದವರು ಯಾರು ಅಂತ ಗುರುತು ಸಿಕ್ಕೋ ಹಾಗಿದ್ರೆ ಇದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಆಗ ಸಮ ಅಂತ ಚೀಟಿ ಎತ್ತಬೇಕಾಗುತ್ತೆ. ಯಾರದಾದ್ರೂ ಆಕ್ಷೇಪಣೆ ಇದೆಯಾ?"

ಏವಿಸ್ ಬಾಗಿ ನೋಡಿದಳು. ಈ ಅಕ್ಷರ ಅವಳಿಗೆ ತಿಳಿಯದೇ? ಬಾಯಿ ಬಿಟ್ಟು ಒಂದು ಮಾತು ಆಡಿದರೆ ಮೈಸಿಯ ಮತ ಹೋಗುತ್ತದೆ, ಚೀಟಿ ಡೆಸ್ಮಂಡ್‌ನ ಹೆಸರಿಗೆ ಬಂದರೂ ಬಂತು, ಮುಂದಿನ ವಾರ ಅವಳು ಥೆಲ್ಮಾಳ ಮನೆಯಲ್ಲಿ. ಆದರೆ ಆ ಮುದುಕಿ ಭೂತಗನ್ನಡಿ ಹಿಡಿದು, ನಡುಗುವ ಕೈಯಲ್ಲಿ, ಎಷ್ಟು ಹೊತ್ತು ಕೂತು ಇದನ್ನು ಬರೆದಿರಬೇಕು. ಮತಗಟ್ಟೆಗೆ ಹೋಗಲಾರದವರ ಅಂಚೆ ಮತ ಅದು; ಲಕೋಟೆ ಅಂಟಿಸಿ, ಅಂಚೆ ಡಬ್ಬಿಗೆ ಹಾಕಲು ಏವಿಸ್‌ಳ ಕೈಗೇ ಕೊಟ್ಟಿದ್ದಳು. ಅದನ್ನು ಕಸಕ್ಕೆ ಹಾಕಿ ಎನ್ನಲು ಏವಿಸ್‌ಳ ನಾಲಿಗೆ ಏಳಲಿಲ್ಲ. ಪಕ್ಕದಲ್ಲಿ ನಿಂತ ಡೆಸ್ಮಂಡ್‌ನನ್ನು ನೋಡುವ ಧೈರ್ಯವೂ ಆಗಲಿಲ್ಲ. ತಾನು ಹೇಳದಿದ್ದರೆ ಅವನು ಆರನೆಯ ಸಲವೂ ಸೋಲುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಡೆಸ್ಮಂಡ್ ಮತಪತ್ರದ ಮೇಲೆ ಬಾಗಿದ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಇಲ್ಲ," ಎಂದ. "ಯಾವ ಆಕ್ಷೇಪಣೆಯೂ ಇಲ್ಲ. ಲೆಕ್ಕಕ್ಕೆ ತಗೊಳ್ಳಿ."

ಏವಿಸ್ ಒಂದು ಮತದಿಂದ ಗೆದ್ದಳು. ವೇದಿಕೆ ಹತ್ತಿಸಿದರು. ಗೆದ್ದವರು ಎಣಿಸಿದವರಿಗೂ ಪೊಲೀಸರಿಗೂ ಧನ್ಯವಾದ ಹೇಳುವುದು ವಾಡಿಕೆ, ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಅಳು ಬಂತು. ಸಂತೋಷಕ್ಕೆ ಎಂದುಕೊಂಡು ಯಾರೋ ಬೆನ್ನು ಸವರಿದರು.

ಹೊರಗೆ ಕಾರುಗಳ ನಡುವೆ ಡೆಸ್ಮಂಡ್ ಕಾಯುತ್ತಿದ್ದ. ಗಾಳಿಗೆ ಅವನ ಎದೆಯ ರಿಬ್ಬನ್ ಹೂವು ತಿರುಗಿ ಮುರುಗಿ ನಿಂತಿತ್ತು.

"ನಿನಗೆ ಗೊತ್ತಾಯ್ತು ಅಲ್ವಾ?" ಎಂದ.

"ಹ್ಞೂಂ. ನಿನಗೆ?"

"ಹೆತ್ತವಳ ಅಕ್ಷರ ಕಣೇ."

"ಹಾಗಾದ್ರೆ ಹೇಳೋದಲ್ವೇನೋ ಮಾರಾಯ. ನಿನಗೆ ಬೇಕಿತ್ತು, ನನಗೆ ಬೇಡವಾಗಿತ್ತು. ನಾನು ಊರು ಬಿಡೋಳಿದ್ದೆ."

"ಅಮ್ಮನ ವೋಟು ಲೆಕ್ಕಕ್ಕಿಲ್ಲ ಅಂತ ನಾನು ಹೇಳ್ಲಾ?" ಅವನು ಕಡಲಿನ ಕಡೆ ಮುಖ ತಿರುಗಿಸಿದ. "ಬರೆದಿರೋದ್ರಲ್ಲಿ ಸುಳ್ಳೇನಿದೆ?"

ಏವಿಸ್ ಕಾರಿಗೆ ಒರಗಿದಳು. "ನಾನು ಅಧಿಕಾರ ಒಪ್ಪಿಕೊಂಡು ಸಹಿ ಹಾಕ್ದೆ ಇದ್ರೆ ಮತ್ತೆ ಚುನಾವಣೆ ಮಾಡ್ತಾರೆ, ಡೆಸ್. ನೀನು ನಿಲ್ಲಬಹುದು."

"ಬೇಡ ಮಾರಾಯ್ತಿ. ಅಮ್ಮ ಮತ್ತೆ ಬರೀತಾಳೆ."

ಇಬ್ಬರಿಗೂ ನಗು ಬಂತು, ನಿಲ್ಲಲಿಲ್ಲ ಬಹಳ ಹೊತ್ತು. ಆಮೇಲೆ ಅವನು ಹೇಳಿದ: "ಮೊನ್ನೆ ಫೋನಲ್ಲಿ ಕೇಳಿದ್ದೆ, ಯಾರಿಗೆ ಹಾಕ್ದೆ ಅಮ್ಮಾ ಅಂತ. ಹೊಟ್ಟೇಲಿ ಹುಟ್ಟಿದ ಮಗನ್ನ ಬಿಟ್ಟು ಇನ್ಯಾರಿಗೆ ಹಾಕ್ಲೋ ಅಂದ್ಲು. ಒಂದೇ ವೋಟಲ್ಲಿ ಸೋತೆ ಅಂತ ಗೊತ್ತಾದ್ರೆ ಅವಳು ಉಳಿಯಲ್ಲ, ಏವಿಸ್. ಪೇಪರ್ ಓದಿ ಹೇಳೋಳು ನೀನು."

ಅವಳಿಗೆ ಅರ್ಥವಾಯಿತು. ತಲೆಯಾಡಿಸಿದಳು.

ಆ ರಾತ್ರಿಯೇ ಥೆಲ್ಮಾಗೆ ಫೋನ್ ಮಾಡಿ ರೂಮನ್ನು ಯಾರಿಗಾದರೂ ಬಾಡಿಗೆಗೆ ಕೊಡು ಎಂದಳು. ತಂಗಿ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಗುರುವಾರ ಏವಿಸ್ ಮೈಸಿಯ ಎದುರು ಪತ್ರಿಕೆ ಬಿಡಿಸಿಕೊಂಡು ಕೂತಳು. ಫಲಿತಾಂಶದ ಪುಟವೇ ಮೊದಲು ಬೇಕು ಎಂದು ಮುದುಕಿ ಹಟ ಹಿಡಿದಿದ್ದಳು.

"ಎಷ್ಟರಲ್ಲಿ ಸೋತ ನನ್ನ ಮಗ?"

ಏವಿಸ್ ಅಚ್ಚಾದ ಸಾಲನ್ನು ನೋಡುತ್ತಲೇ ಓದಿದಳು. "ಇನ್ನೂರ ಹನ್ನೊಂದು."

ಮೈಸಿ ಕೈಯಲ್ಲಿದ್ದ ಬಿಸ್ಕತ್ತನ್ನು ಚಹಾದಲ್ಲಿ ಅದ್ದಲೂ ಮರೆತು ಕೂತಿದ್ದಳು. "ಅಷ್ಟೊಂದಾ? ಪಾಪ, ಎಷ್ಟು ಅಲೆದ." ಆಮೇಲೆ ಬೇರೆ ಯಾವುದೋ ಮಾತು ಎನ್ನುವಂತೆ ಕೇಳಿದಳು, "ಹಾಗಾದ್ರೆ ಒಂದು ವೋಟು ಆಚೆ ಈಚೆ ಆಗಿದ್ರೂ ಏನೂ ಆಗ್ತಿರ್ಲಿಲ್ಲ, ಅಲ್ವೇನೇ?"

"ಏನೂ ಆಗ್ತಿರ್ಲಿಲ್ಲ," ಎಂದಳು ಏವಿಸ್.

ಮುದುಕಿ ಬಿಸ್ಕತ್ತು ಅದ್ದಿಕೊಂಡು ತಿಂದಳು.